ಎಲ್ಲಿಯವರೆಗೆ ಹತ್ತಿದೆ?

ಚಿಲೋಯೆ ದ್ವೀಪದಲ್ಲಿ ಚಿಪ್ಪು ಹೊರಲೆಂದು ಹೆಣೆದ ಬುಟ್ಟಿ
ನಮ್ಮ ತರಗತಿಯ ಬಾಗಿಲಲ್ಲಿ ಫೋನು ಹೊರುತ್ತದೆ.
ಗಂಟೆ ಹೊಡೆದರೆ ಮೂವತ್ತೊಂದೂ ಒಳಗೆ,
ಒಂದರ ಮೇಲೊಂದು, ಬಾಯಿ ಬಿಡದ ಕಪ್ಪೆಚಿಪ್ಪುಗಳು.

ಆ ಗುರುವಾರ ಬುಟ್ಟಿಯನ್ನು ನಾನೇ ಮೇಜಿನ ಮೇಲೆ ಬೋರಲು ಹಾಕಿದೆ.
‘ಪ್ರೊಫೆ, ಮೈ ಹುಷಾರಿದೆ ತಾನೆ?’ ಅಂದಳು ನಯಾದೆತ್.

ಪಾಠ: ಅರವತ್ತನೆಯ ಇಸವಿ, ಮೇ ಇಪ್ಪತ್ತೆರಡು, ಭಾನುವಾರ.
ಪುಸ್ತಕದಲ್ಲಿ ಅದಕ್ಕೆ ಹನ್ನೊಂದು ಸಾಲು, ಒಂದು ಮಸುಕು ಚಿತ್ರ,
ಕೆಳಗೆ, ಬಿಟ್ಟ ಸ್ಥಳ ತುಂಬಿರಿ.
ಬಿಟ್ಟ ಸ್ಥಳವೆಂದರೆ ಏನೆಂದು ಈ ಊರಿಗೆ ಗೊತ್ತು;
ಕಡಲ ಬದಿಯ ಬೀದಿಯಲ್ಲಿ ಇನ್ನೂ ಹಾಗೇ ಇದೆ ಎರಡು ನಿವೇಶನ.

ಫೇಸ್‌ಬುಕ್ಕಿನಲ್ಲೊಂದು ಪುಟ ತೆರೆದೆ.
ಅಂದು ಇಲ್ಲಿ ಇದ್ದಿರಬಹುದಾದ ಒಬ್ಬೊಬ್ಬರಾಗಿ
ಒಬ್ಬೊಬ್ಬರೂ ಬರೆಯಿರಿ, ಗಡಿಯಾರ ನೋಡಿಕೊಂಡು, ಆಗಿನ ಹಾಗೆ.
ಮನೆಯವರೂ ಓದಲೆಂದು ಬಾಗಿಲು ಅರ್ಧ ತೆರೆದೇ ಇಟ್ಟೆ.

ಯೆರ್ಕೊ ರೊಟ್ಟಿಯಂಗಡಿಯವನಾದ, ನಯಾದೆತ್ ತಂತಿ ಕಚೇರಿಯವಳು.
ಮೈಕೊಲ್,
ವರ್ಷವಿಡೀ ನನ್ನ ಒಂದು ಪ್ರಶ್ನೆಗೂ ತುಟಿ ಎರಡು ಮಾಡದವನು,
ರೆಮಿಹಿಯೊ ಎಂಬ ಒಂಬತ್ತರ ಪೋರನನ್ನು ಹುಟ್ಟಿಸಿದ.
ಅವನಿಗೊಂದು ಕುಂಟ ನಾಯಿ ಕೊಟ್ಟ, ಅಣ್ಣನ ಬೂಟು ಕೊಟ್ಟ,
ಅವು ದೊಡ್ಡವಾಗಿ, ನಡೆದರೆ ಟಪ್ ಟಪ್ ಅನ್ನುತ್ತವೆಂದೂ ಬರೆದ.

ಮೂರು ಗಂಟೆ ಹನ್ನೊಂದು. ಯೆರ್ಕೊನ ರೊಟ್ಟಿಗಳು ನೆಲಕ್ಕೆ.
ನಯಾದೆತ್‌ಳ ತಂತಿ ಅರ್ಧ ಪದದಲ್ಲಿ ತುಂಡು.
ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದ ನಗು, ಯಾರೋ ಹಾಕಿದ ಅಳುಮೊಗದ ಚಿತ್ರ.
ಆಮೇಲೆ ರೆಮಿಹಿಯೊ:
‘ಕಡಲು ದೂರ ಹೋಗಿದೆ. ತಳದಲ್ಲಿ ಎಷ್ಟೊಂದು ಚಿಪ್ಪು!
ಬುಟ್ಟಿ ತರುತ್ತೇನೆ.’

ಅವನು ಇಳಿಯಬೇಕು. ಪಾಠದಲ್ಲಿ ಇಳಿದವರಿದ್ದಾರೆ.
ನನ್ನ ಅಂಕಪಟ್ಟಿಯಲ್ಲಿ ಒಂದು ಅಂಕಣವೇ ಇದೆ,
‘ನಡೆದದ್ದಕ್ಕೆ ನಿಷ್ಠೆ’ ಅಂತ.

ಆಗ ಬಂತು,
ಪಟ್ಟಿಯಲ್ಲಿಲ್ಲದ ಹೆಸರಿನಿಂದ, ಗುಣಿತ ತಪ್ಪಿದ ಒಂದು ಸಾಲು,
ಹೆಸರಿನ ಪಕ್ಕ ಮುಖವಿಲ್ಲ, ಒಂದು ಹುಂಜದ ಚಿತ್ರ:
‘ಬೇಡ ಮಗಾ. ಇಳೀಬೇಡ. ಬುಟ್ಟಿ ಬಿಟ್ಟು ಹತ್ತು.’

‘ನಮ್ಮ ಉಬಾಲ್ದಿನಾ ಅಜ್ಜಿ,’ ಯೆರ್ಕೊನ ದನಿ ಇಳಿದಿತ್ತು,
‘ದಿನಾ ಬೆಳಿಗ್ಗೆ ಹೂವು ಕಳಿಸುವುದು ಬಿಟ್ಟರೆ ಏನೂ ಬರೆಯುವವಳಲ್ಲ.
ಅವಳಿಗೆ ಒಬ್ಬ ತಮ್ಮನಿದ್ದನಂತೆ.
ಮನೆಯಲ್ಲಿ ಆ ಮಾತು ಎತ್ತುವುದಿಲ್ಲ.’

ಮೂವತ್ತೊಂದು ಹೆಬ್ಬೆರಳು ಗಾಳಿಯಲ್ಲೇ ನಿಂತವು.
ಮೈಕೊಲ್ ನನ್ನತ್ತ ನೋಡಿದ.
‘ಪ್ರೊಫೆ, ಏನು ಬರೆಯಲಿ?’
ನನ್ನ ತರಗತಿಯಲ್ಲಿ ಅವನಾಡಿದ ಮೊದಲ ಮಾತು.
ಹದಿನೇಳು ವರ್ಷ ಚರಿತ್ರೆ ಹೇಳಿದ ನಾಲಗೆ
ಸೀಮೆಸುಣ್ಣ ನುಂಗಿದ ಹಾಗೆ ಒಣಗಿತ್ತು.
ಆದದ್ದು ಆಗಿಹೋಯಿತು ಅನ್ನಬೇಕಿತ್ತು, ನಾನು ಅಧ್ಯಾಪಕ;
ಅನ್ನಲಿಲ್ಲ.
ಕಿಟಕಿಯಾಚೆ ಕಡಲು ತನ್ನ ಜಾಗದಲ್ಲಿದೆಯೇ ಎಂದು ನೋಡಿದೆ.
ನಾಚಿಕೆಯಿಲ್ಲದೆ ಹೇಳುತ್ತೇನೆ, ಎರಡು ಸಲ ನೋಡಿದೆ.

ಅವನೇ ಬರೆದ, ನನ್ನನ್ನು ಕಾಯದೆ:
‘ಹತ್ತುತ್ತಿದ್ದೇನೆ.’
‘ಬುಟ್ಟಿ?’
‘ಬಿಟ್ಟೆ.’
‘ಬೂಟು ದೊಡ್ಡದು ಅಂದಿಯಲ್ಲ, ಅದನ್ನೂ ಬಿಚ್ಚು.’
‘ಬಿಚ್ಚಿದೆ.’
‘ನಾಯಿ?’
‘ಎತ್ತಿಕೊಂಡಿದ್ದೇನೆ.’

ಗಂಟೆ ಹೊಡೆಯಿತು. ಯಾರೂ ಎದ್ದಿಲ್ಲ.

ಸಂಜೆ ಮುಖ್ಯೋಪಾಧ್ಯಾಯಿನಿ ಕರೆದು ಕೇಳಿದರು,
ಫೋನು ಹೊರಗೆ ಬಂದದ್ದೇಕೆ, ಹೊರಗಿನವರು ಒಳಗೆ ಬಂದದ್ದೇಕೆ.
ಎರಡೂ ಸರಿಯಾದ ಪ್ರಶ್ನೆ. ಬರೆದು ಕೊಡುತ್ತೇನೆ ಅಂದೆ.
ಏಳಕ್ಕೆ ಎಷ್ಟು ಹಾಕಲಿ ಮೈಕೊಲ್‌ಗೆ?
ಆ ಅಂಕಣ ಇನ್ನೂ ಖಾಲಿ.

ಮರುದಿನ ಮತ್ತೆ ಬುಟ್ಟಿ, ಮತ್ತೆ ಮೂವತ್ತೊಂದು.
ಗಣಿತದ ಹೊತ್ತು. ತಳದಲ್ಲೆಲ್ಲೋ ಒಂದು ಬೆಳಗಿ
ಹೆಣಿಗೆಯ ಸಂದಿನಿಂದ ಬೆಳಕು ಸೋರಿತು, ಗುರ್ರೆಂದಿತು.
ಮುಟ್ಟಬಾರದು, ನಿಯಮವಿದೆ; ಬಗ್ಗಿ ಓದಿದೆ.
ಹೂವಿರಲಿಲ್ಲ ಈ ಬೆಳಿಗ್ಗೆ. ಹುಂಜ ಕೇಳುತ್ತಿತ್ತು,
‘ಎಲ್ಲಿಯವರೆಗೆ ಹತ್ತಿದೆ?’